ಕೆಡದ ಲಿಫ್ಟು, ಹತ್ತದ ಬೆಟ್ಟ

ಆಗಸ್ಟ್ 24, ಭಾನುವಾರ

ನನ್ನ ಹೆಂಡತಿಗೆ ತಲೆ ಕೆಟ್ಟಿದೆ. ಇದನ್ನು ಅವಳ ಎದುರು ಹೇಳುವ ಧೈರ್ಯ ಇಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಬೆಳಗ್ಗೆ ಕಾಫಿ ಲೋಟ ಕೈಗೆ ಕೊಡುತ್ತಾ, ತರಕಾರಿ ತರಲು ಹೊರಟವಳ ಧಾಟಿಯಲ್ಲಿ, "ರೀ, ಅಕ್ಟೋಬರ್ ನಾಲ್ಕಕ್ಕೆ ವಿಯೆಟ್ನಾಂಗೆ ಹೋಗ್ತಿದ್ದೀವಿ" ಎಂದಳು.

"ಯಾರು?"

"ನೀವು, ನಾನು. ಇನ್ಯಾರನ್ನ ಕರ್ಕೊಂಡು ಹೋಗ್ಲಿ?"

ಅವಳದು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಕೆಲಸ. ಯಾರೋ ಶಿಷ್ಯ ಅಲ್ಲಿಗೆ ಹೋಗಿಬಂದಿದ್ದನಂತೆ. ರಿವರ್ಸ್ ಹಾಕಬೇಕಾದ ಜಾಗದಲ್ಲೆಲ್ಲ ಗಾಡಿ ನಿಲ್ಲಿಸಿಕೊಂಡು ಬೆಟ್ಟಗಳ ವರ್ಣನೆ ಮಾಡಿದನಂತೆ. ಲೈಸೆನ್ಸ್ ಪರೀಕ್ಷೆಯಲ್ಲಿ ಅವನು ಡುಮ್ಕಿ ಹೊಡೆದ. ನನ್ನ ಹೆಂಡತಿ ಟಿಕೆಟ್ ತೆಗೆದಳು. ವಾಪಸ್ ಕೊಡಲು ಆಗದಂಥ ಟಿಕೆಟ್ಟು. ನನ್ನನ್ನು ಚೆನ್ನಾಗಿ ಬಲ್ಲವಳು ಅವಳು.

ಹನೋಯ್‌ವರೆಗೆ ವಿಮಾನ, ಅಲ್ಲಿಂದ ಬಸ್ಸಿನಲ್ಲಿ ಉತ್ತರಕ್ಕೆ, ಹಾ ಜಿಯಾಂಗ್ ಎಂಬ ಬೆಟ್ಟದ ಸೀಮೆಗೆ. ಆಮೇಲೆ ನಡಿಗೆ. ಮೆಟ್ಟಿಲು ಮೆಟ್ಟಿಲಾದ ಗದ್ದೆ, ಊರವರ ಮನೆಯಲ್ಲೇ ವಾಸ, ಮತ್ತೆ ನಡಿಗೆ. ಫೋನಿನಲ್ಲಿ ಒಂದು ಫೋಟೊ ತೋರಿಸಿದಳು. ಎಡಗಡೆ ಬಂಡೆ, ನಡುವೆ ಒಬ್ಬರು ನಡೆಯುವಷ್ಟು ದಾರಿ, ಬಲಗಡೆ ಏನೂ ಇಲ್ಲ. ಆ ಏನೂ ಇಲ್ಲದ್ದರ ತಳದಲ್ಲಿ ಎಲ್ಲೋ ಒಂದು ನದಿ ಇದೆಯಂತೆ. ನಾನು ಹೆಬ್ಬೆರಳಿನಿಂದ ಬಲಗಡೆಯನ್ನು ಮುಚ್ಚಿಕೊಂಡು, "ಬಂಡೆ ಚೆನ್ನಾಗಿದೆ" ಎಂದೆ.

ಊರಿಗೆಲ್ಲ ನನಗೆ ಸೊಂಟನೋವು ಎಂದು ಗೊತ್ತು. ಈ ದಿನಚರಿಗೆ ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಸೊಂಟ ಕಲ್ಲಿನ ಹಾಗೆ ಗಟ್ಟಿಯಾಗಿದೆ, ನೋವು ಬರೀ ನೆಪ. ನಾನು ಲಿಫ್ಟ್ ಮೆಕ್ಯಾನಿಕ್. ಮದುವೆಗೆ ಮೊದಲಿನಿಂದಲೂ ಅದೇ ಕೆಲಸ. ಲಿಫ್ಟು ಓಡಾಡುವ ಆ ಉದ್ದನೆಯ ಕತ್ತಲೆ ಬಾವಿಯಲ್ಲಿ, ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು, ಹಾಡು ಗುನುಗುತ್ತಾ ಹಗ್ಗಕ್ಕೆ ಎಣ್ಣೆ ಹಾಕುತ್ತಿದ್ದವನು. ಕಳೆದ ವರ್ಷ ಒಂದು ಎತ್ತರದ ಕಟ್ಟಡದಲ್ಲಿ ಹಾಗೆ ನಿಂತಿದ್ದಾಗ ಗ್ರೀಸಿನ ಮೇಲೆ ಕಾಲು ಜಾರಿತು. ಒಂದು ಕಾಲು ಸೊಂಟದವರೆಗೂ ಪೆಟ್ಟಿಗೆಗೂ ಗೋಡೆಗೂ ನಡುವಿನ ಸಂದಿಯೊಳಗೆ ಇಳಿಯಿತು. ಜೊತೆಯಲ್ಲಿದ್ದ ಸ್ಪ್ಯಾನರ್ (ನಾವು ಅವನನ್ನು ಕರೆಯುವುದೇ ಹಾಗೆ) ನನ್ನ ಕಾಲರ್ ಹಿಡಿದು ಎಳೆದ. ಒಂದು ತರಚುಗಾಯವೂ ಆಗಲಿಲ್ಲ. ಚಪ್ಪಲಿ ಮಾತ್ರ ಕೆಳಗೆ ಬಿತ್ತು, ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು. ಅಂದಿನಿಂದ ಪೆಟ್ಟಿಗೆಯ ನೆತ್ತಿಯ ಮೇಲೆ ಕಾಲಿಡಲು ನನ್ನಿಂದ ಆಗಿಲ್ಲ. ಆಫೀಸಿನಲ್ಲಿ ದೂರು ಕೇಳುವ ಫೋನಿನ ಮುಂದೆ ಕೂತಿದ್ದೇನೆ.

ಇಂಥವನನ್ನು ಬೆಟ್ಟ ಹತ್ತಿಸುತ್ತಾಳಂತೆ.

ಆಗಸ್ಟ್ 26, ಮಂಗಳವಾರ

ರಜೆ ಕೇಳಲು ಹೋದೆ. ರಜೆ ಸಿಕ್ಕಿತು, ಜೊತೆಗೆ ತಲೆನೋವೂ ಸಿಕ್ಕಿತು. ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ಕೆಟ್ಟದ್ದನ್ನು ಹೇಳುವಾಗ ನನ್ನ ಮುಖ ನೋಡದೆ ಪೆನ್ನಿನ ಮುಚ್ಚಳ ನೋಡುತ್ತಾರೆ.

"ರಜೆಗೆ ಹೋಗೋ ಮುಂಚೆ ಒಂದು ಮಾತು ಹೇಳ್ಬಿಡಪ್ಪ. ವಾಪಸ್ ಬಂದು ಮೇಲೆ ಹತ್ತೋದಾದ್ರೆ ಹತ್ತು. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ತಗೋತೀನಿ, ನೀನು ಫೋನ್ ಹತ್ರಾನೇ ಇರು, ಖಾಯಂ. ನಡುವೆ ನೇತಾಡೋದು ಬೇಡ."

ನಡುವೆ ನೇತಾಡಿದವನಿಗೇ ಹೀಗೆ ಹೇಳಬೇಕೆ? ಖಾಯಂ ಎಂಬ ಮಾತು ಸಂಜೆಯವರೆಗೂ ಕಿವಿಯಲ್ಲಿ ಗುಂಯ್‌ಗುಟ್ಟಿತು. ಆ ಕೆಲಸ ಬಿಟ್ಟರೆ ನಾನು ಬೇರೇನೂ ಅಲ್ಲ. ಆದರೂ ಉತ್ತರ ಗೊತ್ತೇ ಇದೆ. ಫೋನೇ ಗತಿ. ಹೆಂಡತಿಗೆ ಹೇಳಲಿಲ್ಲ. ಅವಳಿಗೆ ನಾನು ಸೊಂಟ ನೋಯುವ ಮೆಕ್ಯಾನಿಕ್ಕು, ಅಷ್ಟೇ.

ಆಗಸ್ಟ್ 31, ಭಾನುವಾರ

ಬೂಟು ಕೊಂಡೆವು. ನನಗೇನೂ ಬೇಕಿರಲಿಲ್ಲ, ಸುಮ್ಮನೆ ಹಾಕಿ ನೋಡಿದೆ. ಅಂಗಡಿಯಲ್ಲಿ ಒಂದು ಪುಟ್ಟ ಮರದ ಇಳಿಜಾರು ಇಟ್ಟಿದ್ದಾರೆ, ಬೂಟು ಹಾಕಿಕೊಂಡು ಅದರ ಮೇಲೆ ಹತ್ತಿಳಿಯಬೇಕು. ಹತ್ತಿದೆ, ಇಳಿದೆ. ಆಹಾ! ಕಾಲಿಗೆ ಯಾರೋ ಜವಾಬ್ದಾರಿ ಇರುವವರು ಸಿಕ್ಕ ಹಾಗಾಯಿತು. ಮತ್ತೆ ಹತ್ತಿದೆ. ಹಿಂದೆ ಸಾಲು ನಿಂತಿತ್ತು.

"ರೀ, ಸಾಕು. ಮಕ್ಕಳು ಕಾಯ್ತಾ ಇದ್ದಾರೆ" ಎಂದಳು ಹೆಂಡತಿ.

ಹೊಸ ಬೂಟನ್ನು ಮೊದಲೇ ಪಳಗಿಸಬೇಕಂತೆ, ಇಲ್ಲವಾದರೆ ಬೊಬ್ಬೆ ಏಳುತ್ತದಂತೆ. ಹಾಗಾಗಿ ಈಗ ಪೈಜಾಮದ ಮೇಲೆ ಬೂಟು ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 3, ಬುಧವಾರ

ಶುಭ ಸಮಾಚಾರ! ಉತ್ತರ ವಿಯೆಟ್ನಾಮಿನ ಅತಿ ಎತ್ತರದ ಬೆಟ್ಟಕ್ಕೆ ರೋಪ್‌ವೇ ಇದೆ. ಫಾನ್ಸಿಪಾನ್ ಎಂದು ಅದರ ಹೆಸರು. ಸುಮ್ಮನೆ ಪೆಟ್ಟಿಗೆಯಲ್ಲಿ ಕೂತರೆ ಸಾಕು, ಹತ್ತಿರ ಹತ್ತಿರ ತುದಿಗೇ ಬಿಡುತ್ತದೆ. ಊಟದ ಹೊತ್ತಿಗೆ ಹೆಂಡತಿಗೆ ಉಕ್ಕಿನ ಹಗ್ಗವನ್ನು ಹೇಗೆ ಹೊಸೆಯುತ್ತಾರೆ, ಎಷ್ಟು ಭಾರ ತಾಳುತ್ತದೆ ಎಂದೆಲ್ಲ ವಿವರಿಸಿದೆ. ಅವಳು ಗಮನ ಕೊಟ್ಟು ಕೇಳಿದಳು.

"ಅಷ್ಟು ದೂರ ಹೋಗಿ ಲಿಫ್ಟ್ ಹತ್ತೋದಾ?" ಎಂದಳು.

"ಲಿಫ್ಟ್ ಅಲ್ಲ ಕಣೇ, ರೋಪ್‌ವೇ."

"ಅಡ್ಡ ಮಲಗಿರೋ ಲಿಫ್ಟು. ನಾವು ಹಾ ಜಿಯಾಂಗ್‌ಗೆ ಹೋಗೋದು, ನಡೆಯೋದು. ಸಾರು ಹಾಕಲಾ?"

ಸಾರು ಹಾಕಿಸಿಕೊಂಡೆ.

ಸೆಪ್ಟೆಂಬರ್ 9, ಮಂಗಳವಾರ

ಬೂಟು ಪಳಗಿಸಲು ಆಫೀಸಿಗೂ ಹಾಕಿಕೊಂಡು ಹೋಗುತ್ತಿದ್ದೇನೆ. ಕೂತ ಕಡೆಯೇ ಕಾಲು ಆಡಿಸಿದರೆ ಕೀಂಯ್ ಕೀಂಯ್ ಎನ್ನುತ್ತದೆ. ಇವತ್ತು ದೂರು ಕೊಡುತ್ತಿದ್ದ ಒಬ್ಬರು, "ಹಾ, ಇದೇ ಸದ್ದು ಸಾರ್, ನಮ್ಮ ಲಿಫ್ಟಲ್ಲೂ ಹೀಗೇ ಬರುತ್ತೆ" ಎಂದರು. ಬರೆದುಕೊಂಡೆ.

ಮಧ್ಯಾಹ್ನ ಸ್ಪ್ಯಾನರ್ ಬಂದು ನನ್ನ ಮೇಜಿನ ಮೇಲೆ ಕೂತ. ಅವನಿಗೆ ಆ ದಾರಿಯ ಫೋಟೊ ತೋರಿಸಿದೆ. ಅವನು ನೋಡಿ, ನನ್ನನ್ನು ನೋಡಿ, "ಅಣ್ಣ, ನೀವು ಇಲ್ಲಿ ನಡೀತೀರಾ?" ಎಂದ. ನಾನು ಫೋಟೊವನ್ನು ದೊಡ್ಡದು ಮಾಡಿ ಆ ಕಲ್ಲುಗಳನ್ನು ಹೇಗೆ ಕೂರಿಸಿದ್ದಾರೆಂದು ತೋರಿಸಿದೆ. ಚೆನ್ನಾಗಿ ಕೂರಿಸಿದ್ದಾರೆ. ಅಂಚಿನ ಎರಡು ಕಲ್ಲು ಮಾತ್ರ ನನಗೆ ಹಿಡಿಸಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಚೀಲ ಬಂತು. ಹೆಗಲಿಗೆ ಹಾಕಿಕೊಳ್ಳುವ ದೊಡ್ಡ ಚೀಲ, ಅವಳಿಗೊಂದು ನನಗೊಂದು. ಜೇಬುಗಳು ಎಷ್ಟಿವೆ ಎಂದರೆ ಮಧ್ಯಾಹ್ನ ಒಂದರಲ್ಲಿ ಕನ್ನಡಕ ಇಟ್ಟು ಸಂಜೆಯವರೆಗೂ ಹುಡುಕಿದೆವು.

ನಮ್ಮ ಮನೆ ಏಳನೇ ಮಹಡಿಯಲ್ಲಿದೆ. ಇನ್ನು ಮೇಲೆ ಚೀಲ ಹೊತ್ತು ಮೆಟ್ಟಿಲಲ್ಲೇ ಹತ್ತಬೇಕು ಎಂದು ತೀರ್ಮಾನವಾಯಿತು. ಲಿಫ್ಟಿನಲ್ಲಿ ಪೆಟ್ಟಿಗೆಗೆ ಸಮನಾಗಿ ಇನ್ನೊಂದು ಕಡೆ ಒಂದು ಭಾರ ಇರುತ್ತದೆ, ಅದು ಇಳಿದರೆ ಇದು ಹತ್ತುತ್ತದೆ. ಹಾಗೆಯೇ ನಮ್ಮಿಬ್ಬರ ಚೀಲವೂ ಸಮತೂಕ ಇರಬೇಕು ಎಂದು ಹೇಳಿದೆ.

"ಅಂದ್ರೆ ನಾನು ಹತ್ತಿದ್ರೆ ನೀವು ಇಳೀತೀರಾ?" ಎಂದಳು.

"ಹಾಗೇ ಅಂದ್ಕೋ."

"ಮದುವೆಯಾದಾಗಿಂದ ಅದೇ ಆಗ್ತಿರೋದು ರೀ."

ಅವಳು ಚೀಲಕ್ಕೆ ಸಂಚಾರ ನಿಯಮಗಳ ಪುಸ್ತಕ ತುಂಬಿಕೊಂಡಳು, ನಾನು ಹಳೆಯ ಮೋಟರಿನ ಬಿಡಿಭಾಗ ತುಂಬಿಕೊಂಡೆ. ಮೊದಲ ಸಲ ಹತ್ತುವಾಗ ನಾಲ್ಕನೇ ಮಹಡಿಯಲ್ಲಿ ನನಗೇ ತಿಳಿಯದೆ ನನ್ನ ಬೆರಳು ಲಿಫ್ಟಿನ ಗುಂಡಿ ಒತ್ತಿಬಿಟ್ಟಿತು. ಬಾಗಿಲು ತೆರೆಯಿತು, ನಾನು ಒಳಗೆ ಹೋದೆ. ಅವಳು ಏಳನೇ ಮಹಡಿಗೆ ಬಂದಾಗ ನಾನು ಬಾಗಿಲಲ್ಲಿ ನಿಂತು ನೀರು ಕುಡಿಯುತ್ತಿದ್ದೆ. ಅವಳ ಮೂತಿ ನೋಡಬೇಕಿತ್ತು.

ಸೆಪ್ಟೆಂಬರ್ 20, ಶನಿವಾರ

ವೀಸಾ ಬಂತು! ವೀಸಾಗೆ ತೆಗೆಸಿದ ಫೋಟೊದಲ್ಲಿ ಬ್ಯಾಂಕಿನ ದುಡ್ಡು ನುಂಗಿ ಪರಾರಿಯಾದ ಮ್ಯಾನೇಜರನ ಹಾಗೆ ಕಾಣುತ್ತೇನೆ, ಆದರೂ ಒಳಗೆ ಬಿಡುತ್ತಾರಂತೆ. ಇಬ್ಬರೂ ಅಡುಗೆಮನೆಯಲ್ಲಿ ಕುಣಿದೆವು. ನಾನು ಬೂಟು ಹಾಕಿಕೊಂಡೇ ಕುಣಿದದ್ದರಿಂದ ಕೆಳಗಿನ ಮನೆಯವರು ಸೌಟಿನಿಂದ ಚಾವಣಿ ಕುಟ್ಟಿದರು.

ಹೆಂಡತಿ ಅವರ ಭಾಷೆಯಲ್ಲಿ ನಮಸ್ಕಾರ, ಧನ್ಯವಾದ ಕಲಿತಿದ್ದಾಳೆ. ನಾನು "ಇನ್ನೂ ಎಷ್ಟು ದೂರ?" ಎನ್ನುವುದನ್ನು ಕಲಿತೆ. ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಸಂಜೆ ಅವಳು ಅಂಗಡಿಗೆ ಇಳಿದಾಗ ಟಾರ್ಚಿಗೆ ಸೆಲ್ ಹೇಳುವುದನ್ನು ಮರೆತೆ. ಬಾಲ್ಕನಿಗೆ ಓಡಿ, ಕಂಬಿಯ ಮೇಲಿಂದ ಅರ್ಧ ಬಗ್ಗಿ, "ಸೆಲ್ಲೂ ತಗೋ!" ಎಂದು ಕೂಗಿದೆ. ಅವಳು ರಸ್ತೆಯ ನಡುವೆ ನಿಂತು ತಲೆಯೆತ್ತಿ ನೋಡುತ್ತಲೇ ಇದ್ದಳು. ಇಷ್ಟು ಜೋರಾಗಿ ಕೂಗಿದರೂ ಕೇಳಿಸಲಿಲ್ಲವೋ ಏನೋ. ಸೆಲ್ಲು ತರಲೇ ಇಲ್ಲ.

ಸೆಪ್ಟೆಂಬರ್ 27, ಶನಿವಾರ

ಇನ್ನೊಂದೇ ವಾರ. ಬೆರಳಿನ ಚಾಳಿ ಬಿಡಿಸಲು ಉಪಾಯ ಮಾಡಿದೆ. ಹಳೆಯ ಸಾಮಾನಿನ ಪೆಟ್ಟಿಗೆಯಿಂದ "ದುರಸ್ತಿ ನಡೆಯುತ್ತಿದೆ, ಮೆಟ್ಟಿಲು ಬಳಸಿ" ಎಂಬ ನಮ್ಮ ಕಂಪನಿಯ ಬೋರ್ಡು ತೆಗೆದು, ಕೆಳಗಡೆ ಲಿಫ್ಟಿನ ಬಾಗಿಲಿಗೆ ನೇತುಹಾಕಿದೆ. ಬೋರ್ಡು ಕಂಡರೆ ನನ್ನಂಥವನಿಗೂ ಒತ್ತಲು ಮನಸ್ಸು ಬರುವುದಿಲ್ಲ. ಒಂದು ಗಂಟೆಯ ಮಟ್ಟಿಗೆ ಅಷ್ಟೇ, ಯಾರಿಗೆ ತೊಂದರೆ? ನಿಲ್ಲದೆ ತುದಿಯವರೆಗೆ ಹತ್ತಿದೆ. ಹೆಂಡತಿಗಿಂತ ಮುಂಚೆ! ಅವಳು ಬಂದು ಬೆನ್ನು ತಟ್ಟಿದಳು. ಊಟ ಮಾಡಿದ್ದೇ ಮಾಡಿದ್ದು, ಬಿದ್ದುಕೊಂಡದ್ದೇ ಬಿದ್ದುಕೊಂಡದ್ದು.

ಸೆಪ್ಟೆಂಬರ್ 30, ಮಂಗಳವಾರ

ನಮ್ಮ ಹುರುಪು ಅಂಟುರೋಗದ ಹಾಗೆ ಕಟ್ಟಡಕ್ಕೆಲ್ಲ ಹರಡಿದೆ. ಯಾವಾಗ ನೋಡಿದರೂ ಮೆಟ್ಟಿಲ ಮೇಲೆ ಜನ! ಐದನೇ ಮಹಡಿಯ ದರ್ಜಿ ಬಟ್ಟೆಯ ಗಂಟು ಹೊತ್ತು ಹತ್ತುತ್ತಿದ್ದಾನೆ. ಆರನೇ ಮಹಡಿಯ ದಂಪತಿ ಮಗುವನ್ನು ಸರದಿಯ ಮೇಲೆ ಎತ್ತಿಕೊಂಡು ಹತ್ತುತ್ತಿದ್ದಾರೆ. ಮೂರನೇ ಮಹಡಿಯ ಮೇಡಂ, ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ, ನಿವೃತ್ತ ಹೆಡ್‌ಮಿಸ್ಟ್ರೆಸ್, ಅವರೂ ಕಂಬಿ ಹಿಡಿದು ಹತ್ತುತ್ತಿದ್ದರು. ನಾನು ದಾಟಿ ಹೋಗುವಾಗ, "ಬಹಳ ಒಳ್ಳೇದು ಮೇಡಂ, ಹೀಗೇ ಮುಂದುವರಿಸಿ!" ಎಂದೆ. ಅವರು ಯಾಕೋ ಮಾತಾಡಲಿಲ್ಲ. ಏದುಸಿರಿರಬೇಕು.

ದರ್ಜಿ, "ಇನ್ನೂ ಎಷ್ಟು ದಿನ ಸಾರ್ ಇದು?" ಎಂದು ಕೇಳಿದ. "ಶನಿವಾರ ಹೊರಟೇಬಿಡ್ತೀವಿ!" ಎಂದೆ. ಅವನು ಗಂಟನ್ನು ಕೆಳಗಿಟ್ಟು ನನ್ನನ್ನೇ ನೋಡಿದ.

ಅಕ್ಟೋಬರ್ 2, ಗುರುವಾರ

ಅಯ್ಯೋ ಅಯ್ಯೋ ಅಯ್ಯೋ.

ಗಾಂಧಿ ಜಯಂತಿಯಾದರೂ ದೂರು ಕೇಳುವವನಿಗೆ ರಜೆಯಿಲ್ಲ; ಬೆಳಗ್ಗೆ ಆಫೀಸಿನ ಫೋನು ಬಡಿದುಕೊಂಡಿತು. ಆ ಕಡೆಯಿಂದ ಮೇಡಂ ಧ್ವನಿ. ಎತ್ತಿದವನು ನಾನೆಂದು ಅವರಿಗೆ ಗೊತ್ತಾಗಲಿಲ್ಲ.

"ನೋಡಿ, ನಮ್ಮ ಕಟ್ಟಡದ ಲಿಫ್ಟ್ ಶನಿವಾರದಿಂದ ಕೆಟ್ಟು ನಿಂತಿದೆ. ನಿಮ್ಮದೇ ಬೋರ್ಡ್ ಹಾಕಿದ್ದೀರಿ. ನಿಮ್ಮ ಕಂಪನಿ ಮನುಷ್ಯ ಇಲ್ಲೇ ಏಳನೇ ಮಹಡೀಲಿದ್ದಾನೆ, ನೋಡ್ತಿರ್ತಾನೆ ಅಂತ ನಾವೆಲ್ಲ ಸುಮ್ನಿದ್ವಿ. ಅವನು ನೋಡಿದ್ರೆ ಹೆಗಲ ಮೇಲೆ ಚೀಲ ಹಾಕ್ಕೊಂಡು ಹಾಡು ಹೇಳ್ಕೊಂಡು ಓಡಾಡ್ತಿದ್ದಾನೆ!"

ಬೋರ್ಡು! ತೆಗೆಯುವುದನ್ನೇ ಮರೆತಿದ್ದೆ. ದಿನಕ್ಕೆ ಎರಡು ಸಲ ಅದರ ಮುಂದೆಯೇ ಹಾದುಹೋಗಿದ್ದೇನೆ. ಜೀವಮಾನವೆಲ್ಲ ಆ ಬೋರ್ಡು ನೇತುಹಾಕಿಕೊಂಡು ಬಂದವನ ಕಣ್ಣಿಗೆ ಅದು ಗೋಡೆಯ ಬಣ್ಣದ ಹಾಗೆ, ಕಾಣುವುದೇ ಇಲ್ಲ. ಮೂಗು ಹಿಡಿದುಕೊಂಡು, ದನಿ ಬದಲಿಸಿ, "ನಾಳೆ ಮೆಕ್ಯಾನಿಕ್ ಬರ್ತಾರೆ ಮೇಡಂ" ಎಂದೆ.

"ಬರಲಿ. ನಮ್ಮ ಕಣ್ಣೆದುರಿಗೇ ರಿಪೇರಿ ಆಗ್ಬೇಕು. ಸುಮ್ನೆ ಬೋರ್ಡ್ ತೆಗೆದು ಹೋದ್ರೆ ನಾವ್ಯಾರೂ ಹತ್ತಲ್ಲ. ನೆಗಡಿಗೆ ಔಷಧಿ ತಗೊಳ್ಳಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಕ್ಕು ನಕ್ಕು ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತಳು. "ಮೇಡಂಗೆ ನಿಜ ಹೇಳ್ಬಿಡ್ರೀ" ಎಂದಳು. ಕಟ್ಟಡದವರನ್ನೆಲ್ಲ ಸುಮ್ಮಸುಮ್ಮನೆ ಹತ್ತಿಸಿದವನು ಎಂದು ತಿಳಿದರೆ ನನ್ನನ್ನು ವಿಯೆಟ್ನಾಮಿಗಲ್ಲ, ಆಸ್ಪತ್ರೆಗೆ ಕಳಿಸುತ್ತಾರೆ. ಸ್ಪ್ಯಾನರ್‌ಗೆ ಫೋನ್ ಮಾಡಿದೆ. ಅವನು ಮೇಲೆ ಹತ್ತಿ ಒಂದಷ್ಟು ಸದ್ದು ಮಾಡಿ ಇಳಿಯುತ್ತಾನೆ, ನಾನು ಹೊರಗೆ ನಿಂತು ಗಂಭೀರವಾಗಿ ತಲೆಯಾಡಿಸುವುದು ಎಂದು ಗೊತ್ತುಮಾಡಿಕೊಂಡೆವು.

ಸೂಪರ್‌ವೈಸರ್‌ಗೆ ಉತ್ತರ ಕೊಡಬೇಕಾದ್ದು ನಾಳೆಯೇ. ಕೆಡದ ಲಿಫ್ಟಿನ ಗಲಾಟೆಯಲ್ಲಿ ಅದಕ್ಕೆ ಪುರುಸೊತ್ತು ಎಲ್ಲಿದೆ?

ಅಕ್ಟೋಬರ್ 3, ಶುಕ್ರವಾರ

ಎಲ್ಲ ಸುಸೂತ್ರ! ಚೀಲ ಕಟ್ಟುವುದೊಂದು ಉಳಿದಿದೆ, ಆದರೂ ಬರೆಯದೆ ಇರಲಾರೆ.

ಮೇಡಂ ಏಳನೇ ಮಹಡಿಯವರೆಗೂ ಹತ್ತಿ ಬಂದು, ಕುರ್ಚಿ ತರಿಸಿ ಹಾಕಿಕೊಂಡು, ಲಿಫ್ಟಿನ ಬಾಗಿಲೆದುರು ಕೂತರು. ಒಳಗೆ ಯಾರಾದರೂ ಇದ್ದರೆ ಮಾತ್ರ ತಮಗೆ ನಂಬಿಕೆ ಎಂದರು. ನಿಯಮದ ಪ್ರಕಾರ ರಿಪೇರಿಯ ಹೊತ್ತಿನಲ್ಲಿ ಒಳಗೆ ಯಾರೂ ಇರಕೂಡದು, ಆದರೆ ಕೆಡದ ಲಿಫ್ಟಿಗೆ ಎಲ್ಲಿಯ ನಿಯಮ? ಚೀಲ ಕಟ್ಟುತ್ತಿದ್ದ ನನ್ನ ಹೆಂಡತಿ, ಕೈಯಲ್ಲಿ ಜಾಕೆಟ್ ಹಿಡಿದುಕೊಂಡೇ ಬಂದು, "ನಾನು ಕೂರ್ತೀನಿ ಬಿಡಿ" ಎಂದು ಒಳಗೆ ಹೋದಳು. ಪೆಟ್ಟಿಗೆಯನ್ನು ಆರನೇ ಮಹಡಿಗೆ ಇಳಿಸಿ, ಏಳನೆಯದರ ಬಾಗಿಲನ್ನು ನಮ್ಮ ಕೀಲಿಯಿಂದ ತೆರೆದೆವು. ಪೆಟ್ಟಿಗೆಯ ನೆತ್ತಿ ನಮ್ಮ ಕಾಲ ಮಟ್ಟಕ್ಕೆ ಬಂತು. ಸ್ಪ್ಯಾನರ್ ಅದರ ಮೇಲೆ ಹೋಗಿ ಠಣ್ ಠಣ್ ಎನ್ನಿಸತೊಡಗಿದ. ನಾನು ತಲೆಯಾಡಿಸಿದೆ.

ಅಷ್ಟರಲ್ಲಿ ಕೆಳಗಿನಿಂದ ಅವಳ ದನಿ.

"ಅಣ್ಣ, ಅಕ್ಕ ಕೇಳ್ತಿದ್ದಾರೆ, ಮೂರನೇ ಜಾಕೆಟ್ ನಿಮ್ಮ ಚೀಲದಲ್ಲಿ ಇಡ್ಲಾ ಅಂತ" ಎಂದ ಸ್ಪ್ಯಾನರ್.

"ಬೇಡ ಅನ್ನು. ಎರಡೇ ಸಾಕು. ಸಮತೂಕ ತಪ್ಪುತ್ತೆ."

ಅವನು ಬಗ್ಗಿ ಹೇಳಿದ. ಅವಳು ಏನೋ ಅಂದಳು. "ಅಕ್ಕ ಅಂತಾರೆ, ಬೆಟ್ಟದ ಮೇಲೆ ಚಳಿ ಅಂತೆ, ನೀವು ನಡುಗಿದ್ರೆ ಅವ್ರು ಜವಾಬ್ದಾರಿ ಅಲ್ವಂತೆ."

"ಅಕ್ಟೋಬರಲ್ಲಿ ಎಂಥ ಚಳಿಯೋ? ಗದ್ದೆ ಕೊಯ್ಲಾಗೋ ಹೊತ್ತು ಅನ್ನು!"

"ಅಕ್ಕ, ಗದ್ದೆ ಕೊಯ್ತಾರಂತೆ" ಎಂದ ಅವನು. ಇಂಥವನ ಕೈಯಲ್ಲಿ ಮಾತು ಕಳಿಸಿದರೆ ಸಂಸಾರ ಉಳಿಯುತ್ತದೆಯೇ? ನನಗೆ ರೇಗಿತು. "ಸರಿಯೋ ಆ ಕಡೆ" ಎಂದು ಅವನನ್ನು ತಳ್ಳಿ, ಹೋಗಿ ಮಂಡಿಯೂರಿ, ನೆತ್ತಿಯ ಮೇಲಿನ ಪುಟ್ಟ ಮುಚ್ಚಳ ತೆರೆದು ತಲೆ ಒಳಗೆ ಹಾಕಿದೆ.

"ಎಷ್ಟು ಸಲ ಹೇಳ್ಬೇಕೇ ನಿಂಗೆ? ಎರಡು!"

ಅವಳು ಕತ್ತೆತ್ತಿದಳು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಅವಳಿಗೆ ಮಾತು ಹೊರಡದ್ದನ್ನು ನೋಡಿದ್ದು ಇದೇ ಮೊದಲು. ವಾದದಲ್ಲಿ ಗೆದ್ದ ಖುಷಿಗೆ, ಬಂದದ್ದು ಬಂದಾಯಿತು ಎಂದು, ನೆತ್ತಿಯ ಮೇಲಿನಿಂದಲೇ ಲಿಫ್ಟು ಓಡಿಸುವ ಸ್ವಿಚ್ಚು ನಾನೇ ಹಿಡಿದುಕೊಂಡು ಪೆಟ್ಟಿಗೆಯನ್ನು ನಿಧಾನವಾಗಿ ಕೆಳಕ್ಕೆ ಬಿಟ್ಟೆ. ಮಹಡಿಗಳು ಒಂದೊಂದಾಗಿ ಮೇಲಕ್ಕೆ ಸರಿದವು. ಸ್ಪ್ಯಾನರ್ ನನ್ನ ಕಾಲರ್ ಹಿಡಿದುಕೊಂಡಿದ್ದ. "ಬಿಡೋ, ಇಸ್ತ್ರಿ ಹಾಳಾಗುತ್ತೆ, ನಾಳೆ ಇದನ್ನೇ ಹಾಕ್ಕೊಂಡು ಹೋಗೋದು" ಎಂದೆ. ನಾಲ್ಕನೇ ಮಹಡಿಯ ಹತ್ತಿರ ಪೆಟ್ಟಿಗೆ ಜಾರುವ ಹಳಿಯನ್ನು ಗೋಡೆಗೆ ಹಿಡಿದಿಡುವ ಒಂದು ಬೋಲ್ಟು ನಿಜವಾಗಿಯೂ ಸಡಿಲವಾಗಿತ್ತು! ಹೊರಗೆ ಬಗ್ಗಿ ಬಿಗಿದೆ. ಅಂದಮೇಲೆ ನನ್ನ ಬೋರ್ಡು ಸುಳ್ಳಲ್ಲ, ಸ್ವಲ್ಪ ಅವಸರದ್ದು ಅಷ್ಟೇ. ಎಷ್ಟು ಹಗುರವಾಯಿತು ಮನಸ್ಸು! ಉಳಿದ ದಾರಿಯೆಲ್ಲ ಹಾಡಿಕೊಂಡು ಇಳಿದೆ.

ಮೊದಲನೇ ಮಹಡಿಯ ಬಾಗಿಲಿನಿಂದ ಹೊರಗೆ ಬಂದು, ಕೆಳಗೆ ಹೋಗಿ ಲಿಫ್ಟಿನ ಬಾಗಿಲು ತೆರೆದು ನೋಡಿದರೆ ಹೆಂಡತಿ ಪೆಟ್ಟಿಗೆಯ ಮೂಲೆಯಲ್ಲಿ ಕೂತಿದ್ದಾಳೆ. ಕಲಿಯುವವರ ಪಕ್ಕ ಕೂತಾಗ ಒತ್ತುತ್ತಾಳಲ್ಲ, ಆ ಬ್ರೇಕು ಒತ್ತುವ ಹಾಗೆ ಬಲಗಾಲನ್ನು ನೆಲಕ್ಕೆ ಊರಿಕೊಂಡಿದ್ದಾಳೆ. ಜಾಕೆಟ್ಟಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾಳೆ. ಈ ಕಡೆ ಸ್ಪ್ಯಾನರ್ ಎಣ್ಣೆ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡಿದ್ದಾನೆ. ಒಂದು ಜಾಕೆಟ್ಟಿಗೆ ಇಬ್ಬರು ಅಳುವುದೇ?

ನನಗೆ ಬಹಳ ಕೆಟ್ಟದೆನಿಸಿತು. "ಆಯ್ತು ಕಣೇ, ಮೂರನೇದೂ ತಗೋ. ನಾನೇ ಹೊರ್ತೀನಿ" ಎಂದೆ. ಅವಳು ಇನ್ನೂ ಜೋರಾಗಿ ಅತ್ತಳು.

ಅಕ್ಟೋಬರ್ 4, ಶನಿವಾರ. ವಿಮಾನದಲ್ಲಿ

ಸೀಟಿನ ಬೆಲ್ಟು ಬಿಗಿದುಕೊಂಡು ಬರೆಯುತ್ತಿದ್ದೇನೆ. ಇನ್ನೂ ನೆಲದ ಮೇಲೇ ಇದ್ದೇವೆ.

ಒಳಗೆ ಬರಲು ಸಾಲಿನಲ್ಲಿ ನಿಂತಿದ್ದಾಗ ಸೂಪರ್‌ವೈಸರ್ ಫೋನು. "ಏನಪ್ಪಾ, ನಿನ್ನೆ ಹೇಳ್ತೀನಿ ಅಂದೋನು ಹೇಳಲೇ ಇಲ್ಲ?" ನಿಜಕ್ಕೂ ಮರೆತೇ ಹೋಗಿತ್ತು. ಹಿಂದಿನವರು ತಳ್ಳುತ್ತಿದ್ದರು, ಒಂದು ಕೈಯಲ್ಲಿ ಪಾಸ್‌ಪೋರ್ಟು, ಹೆಗಲ ಮೇಲೆ ಆ ಮೂರನೇ ಜಾಕೆಟ್ಟು.

"ನಮ್ಮ ಕಟ್ಟಡದ ಹಳಿ ಪೂರಾ ನೋಡ್ಬೇಕು ಸಾರ್, ಎಲ್ಲ ಬೋಲ್ಟೂ ಒಂದ್ಸಲ ಬಿಗೀಬೇಕು. ನಾನು ಬಂದ್ಮೇಲೆ ಮಾಡ್ತೀನಿ, ಬೇರೆ ಯಾರನ್ನೂ ಕಳಿಸ್ಬೇಡಿ, ಕೆಡಿಸ್ತಾರೆ" ಎಂದೆ.

ಆ ಕಡೆ ಪೆನ್ನಿನ ಮುಚ್ಚಳ ಟಕ್ ಎಂದಿತು. "ಸೊಂಟ?" ಎಂದರು.

"ಯಾರ ಸೊಂಟ?" ಎಂದೆ. ಅಷ್ಟರಲ್ಲಿ ಸಾಲು ಮುಂದೆ ಹೋಯಿತು, ಫೋನು ಇಟ್ಟೆ.

"ಯಾರು ರೀ?" ಎಂದಳು ಹೆಂಡತಿ.

"ಸೂಪರ್‌ವೈಸರ್. ವಾಪಸ್ ಬಂದ ಕೂಡ್ಲೇ ಕೆಲಸ ಇದೆ."

"ಯಾವ ಕೆಲಸ?"

"ಇನ್ಯಾವ ಕೆಲಸ? ನನ್ನ ಕೆಲಸ."

ಅಷ್ಟಕ್ಕೇ ಅವಳ ಕಣ್ಣು ಮತ್ತೆ ತುಂಬಿಕೊಂಡಿತು. ಜಾಕೆಟ್ಟು ನನ್ನ ಹೆಗಲ ಮೇಲೇ ಇತ್ತಲ್ಲ! ಆಮೇಲೆ ಹೊಳೆಯಿತು. ಎಷ್ಟು ಧೈರ್ಯದವಳಾದರೂ ವಿಮಾನ ಹತ್ತುವುದು ಇದೇ ಮೊದಲು. ಎತ್ತರಕ್ಕೆ ಹೆದರಿಕೊಂಡಿದ್ದಾಳೆ, ಪಾಪ, ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆ. ಅಂಥದ್ದೆಲ್ಲ ಇರುತ್ತದೆ ಮನುಷ್ಯರಿಗೆ. ನಾನೇನೂ ಕೇಳಲಿಲ್ಲ. ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅವಳಿಗೆ ಕೆಳಗೆ ಕಾಣದ ಹಾಗೆ ಕಿಟಕಿಯ ಪಕ್ಕ ನಾನೇ ಕೂತಿದ್ದೇನೆ.